ಸುಲ್ತಾನಸಾಬ ಪರದಾ ಬದಲಿಸಿದ್ದು

ಸುರಪುರದ ರಂಗಂಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುವ ಸುಲ್ತಾನಸಾಬನಿಗೆ ಒಂದೇ ಒಂದು ಚಟವಿತ್ತು. ಬೀಡಿಯಲ್ಲ, ಎಲೆಅಡಿಕೆಯಲ್ಲ. ‘ಇದು ನನಗೆ ಬರುವುದಿಲ್ಲ’ ಎಂಬ ಮಾತನ್ನು ಅವನು ಈ ಐವತ್ತೆರಡು ವರ್ಷಗಳಲ್ಲಿ ಒಮ್ಮೆಯೂ ಆಡಿರಲಿಲ್ಲ. ಊರಲ್ಲಿ ಕೈಗಡಿಯಾರ ಕಟ್ಟುವವರು ಕಡಿಮೆಯಾದ ಮೇಲೆ ಜನ ಮಿಕ್ಸರ್ ತಂದರು, ಟಿವಿಯ ರಿಮೋಟು ತಂದರು, ಕಿವಿಗೆ ಹಾಕಿಕೊಳ್ಳುವ ಮಷೀನು ತಂದರು. ದೋರನಹಳ್ಳಿಯ ರೈತನೊಬ್ಬ ಹತ್ತಿಗೆ ಎಣ್ಣೆ ಹೊಡೆಯುವ ಪಂಪನ್ನೇ ಬೆನ್ನ ಮೇಲೆ ಹೊತ್ತು ತಂದಿಳಿಸಿದ. ಸುಲ್ತಾನಸಾಬ ಎಲ್ಲವನ್ನೂ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ, “ಮಾಡೋಣ್ರಿ, ಏನ್ ದೊಡ್ಡದು” ಎನ್ನುತ್ತಿದ್ದ. ಅರ್ಧ ಸಾಮಾನು ರಿಪೇರಿಯಾಗಿ ಮನೆಗೆ ಹೋಗುತ್ತಿತ್ತು. ಉಳಿದರ್ಧ ಅವನ ಕಪಾಟಿನಲ್ಲಿ ಕಾಯಂ ಆಗಿ ನೆಲೆಸುತ್ತಿತ್ತು.

ಇಂಥವನ ಅಂಗಡಿಗೆ ಒಂದು ಮಂಗಳವಾರ ಮಧ್ಯಾಹ್ನ ಮೌನಮ್ಮ ಟೀಚರ್ ಬಂದರು.

ಮೌನಮ್ಮ ಟೀಚರ್ ಮೂವತ್ತೈದು ವರ್ಷ ಗಣಿತ ಕಲಿಸಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಮೌನ ಅವರ ಹೆಸರಿನಲ್ಲಷ್ಟೇ ಇತ್ತು. ಅವರು ಪರೀಕ್ಷೆಯ ಕೋಣೆಗೆ ಕಾಲಿಟ್ಟರೆ ಕಾಪಿ ಚೀಟಿಗಳು ತಾವಾಗಿಯೇ ಅಂಗಿಯ ತೋಳಿನಿಂದ ಕೆಳಗಿಳಿದು ಶರಣಾಗುತ್ತಿದ್ದವೆಂದು ಊರಲ್ಲಿ ಈಗಲೂ ಹೇಳುತ್ತಾರೆ. ಅಂಗಡಿಯ ಕಟ್ಟೆಯ ಮೇಲೆ ಹರಟುತ್ತ ಕೂತಿದ್ದ ಇಬ್ಬರು ನಡುವಯಸ್ಸಿನ ಗಂಡಸರು ಅವರನ್ನು ಕಂಡದ್ದೇ ಎದ್ದು ನಿಂತು, ಬಾಯಲ್ಲಿದ್ದ ತಂಬಾಕನ್ನು ನುಂಗಿ, ದಾರಿ ಹಿಡಿದರು.

ಟೀಚರ್ ಅತ್ತಿತ್ತ ನೋಡಿ, ಕೈಚೀಲದಿಂದ ಹಳೆಯ ರವಿಕೆ ಕಣದಲ್ಲಿ ಸುತ್ತಿದ್ದ ವಸ್ತುವೊಂದನ್ನು ಗಾಜಿನ ಮೇಲಿಟ್ಟರು. ಬಿಚ್ಚಿದರೆ ಬೂದುಬಣ್ಣದ, ಅಂಗೈಯಗಲದ ಒಂದು ಡಬ್ಬಿ. ಮೇಲೆ ಪುಟ್ಟ ಪರದೆ, ಕೆಳಗೆ ನಾಲ್ಕಾರು ಗುಂಡಿ, ಬೆನ್ನಿಗೆ ಸಿಕ್ಕಿಸಿದ, ಆಟ ತುಂಬಿದ ಬಿಲ್ಲೆ. ಮೊಬೈಲು ಬರುವುದಕ್ಕೆ ಮುಂಚೆ ಮಕ್ಕಳು ಕೈಯಲ್ಲಿ ಹಿಡಿದು, ಬೀಳುವ ಇಟ್ಟಿಗೆ ಜೋಡಿಸಿ ಆಡುತ್ತಿದ್ದ ವಿಡಿಯೊ ಗೇಮು.

“ಇದು ನಮ್ಮ ಅಣ್ಣನ ಮಗಂದು,” ಎಂದರು ಟೀಚರ್. “ಪರದೆ ಮಬ್ಬಾಗ್ಯದ. ನನ್ನ ಕಣ್ಣಾಗ ಪೊರಿ ಬರಾಕತ್ತದ. ಮ್ಯಾಲಿನಿಂದ ಬೀಳೋ ಇಟ್ಟಂಗಿನೇ ಕಾಣವಲ್ದು. ಒಳಗಿಂದ ಬೆಳಕು ಬರೋ ಹಂಗ ಮಾಡಿಕೊಡು.”

ಅಣ್ಣನ ಮಗನ ಆಟಕ್ಕೆ ಟೀಚರ್ ಕಣ್ಣಿನ ಪೊರೆ ಅಡ್ಡ ಬರುವುದು ಹೇಗೆ ಎಂದು ಬೇರೆಯವನಾದರೆ ಕೇಳುತ್ತಿದ್ದ. ಸುಲ್ತಾನಸಾಬ ಕೇಳಲಿಲ್ಲ. ಇಂಥ ಡಬ್ಬಿಯನ್ನು ಅವನು ಜನ್ಮದಲ್ಲಿ ಬಿಚ್ಚಿರಲಿಲ್ಲ.

“ಮಾಡೋಣ್ರಿ ಟೀಚರ್. ಏನ್ ದೊಡ್ಡದು.”

“ಇಪ್ಪತ್ತಾರು ವರ್ಷದಿಂದ ನಡದದ ಇದು, ಜ್ವಾಕಿ. ಬಿಲ್ಲಿಯೊಳಗ ಆಟದಾಗ ಗಳಿಸಿದ ಅಂಕಿಗಳ ಪಟ್ಟಿ ಅದ. ಅದರಾಗ ಒಂದೂ ಅಳಿಸಬಾರದು. ಮತ್ತ, ಇದು ಯಾರದು ಅಂತ ಯಾರಿಗೂ ಹೇಳಬಾರದು. ನಿಮ್ಮನ್ಯಾಗೂ.”

“ಕಸಮ್ರಿ ಟೀಚರ್. ಜೀವ ಹೋದ್ರೂ ಹೇಳಂಗಿಲ್ಲ,” ಎಂದ ಸುಲ್ತಾನಸಾಬ. ಅಷ್ಟು ಕೇಳಿರಲಿಲ್ಲ ಅವರು. ಅವನೇ ಕೊಟ್ಟ.

ಡಬ್ಬಿಯ ಮೊದಲ ತಿರುಪಿಗೇ ಅವನ ವಿದ್ಯೆ ನಿಂತಿತು. ಅದರ ತಲೆಯಲ್ಲಿ ಅಡ್ಡಗೆರೆಯೂ ಇರಲಿಲ್ಲ, ಕೂಡಿಸುವ ಚಿಹ್ನೆಯೂ ಇರಲಿಲ್ಲ. ಮೂರು ರೆಕ್ಕೆಯ ಒಂದು ಗಾಯವಿತ್ತು. ಎರಡು ದಿನ ಕೂತು ಹಳೆಯದೊಂದು ತಿರುಪುಳಿಯನ್ನು ಉಜ್ಜಿ ಉಜ್ಜಿ ಮೂರು ಮೂಲೆ ಮಾಡಿದ. ಆಮೇಲೆ ಮೊಬೈಲಿನಲ್ಲಿ ವಿಡಿಯೊ ಹುಡುಕಿದ. ಮುಖವಿಲ್ಲದ ಎರಡು ಬಿಳಿ ಕೈಗಳು ಇಂಥದೇ ಡಬ್ಬಿಯನ್ನು ಬಿಚ್ಚುತ್ತ ಅರ್ಥವಾಗದ ಭಾಷೆಯಲ್ಲಿ ಉಪದೇಶ ಕೊಡುತ್ತಿದ್ದವು. ಸುಲ್ತಾನಸಾಬ ಪ್ರತಿ ವಾಕ್ಯಕ್ಕೂ “ಹೂಂ, ಹೌದು” ಎಂದು ತಲೆಯಾಡಿಸಿದ. ಕೈಗಳು ಏನು ಮಾಡಿದವೋ ಅದನ್ನೇ ಮಾಡಿದ. ಒಂದು ಕಡೆ ಮಾತ್ರ ಕೂಡು-ಕಳೆ ತಿರುವುಮುರುವಾಗಿ ಸಣ್ಣಗೆ ಹೊಗೆ ಬಂತು. ಸುಟ್ಟುಹೋದದ್ದು ಒಂದು ತಂತಿಯಷ್ಟೇ. ಆದರೂ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಟೀಚರ್ ಬಂದಾರೇನೋ ಎಂದು ಹದಿನೈದು ನಿಮಿಷ ಕೂತ.

ಬೆಳಕಿರುವ ಹೊಸ ಪರದೆಯನ್ನು ಆನ್‌ಲೈನಿನಲ್ಲಿ ತರಿಸಿಕೊಡುವ ಕೆಲಸ ಯಾದಗಿರಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಆಸೀಫನಿಗೆ ಬಿತ್ತು. ಆಸೀಫ್ ಸುಲ್ತಾನಸಾಬನ ಹೆಂಡತಿ ಚಮನಬೀಯ ಅಕ್ಕನ ಮಗ, ಅವಳನ್ನು ಖಾಲಾ, ಇವನನ್ನು ಖಾಲೂ ಎಂದು ಕರೆಯುವವನು. ಅನಾಹುತಕ್ಕೆ ಇದಕ್ಕಿಂತ ಹತ್ತಿರದ ದಾರಿ ಬೇರೆ ಇರಲಿಲ್ಲ.

ಒಂದು ಬೆಳಿಗ್ಗೆ ಸುಲ್ತಾನಸಾಬ ಮನೆಯ ಅಂಗಳದಲ್ಲಿ ನಿಂತು ಆಸೀಫನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ. ಒಳಗೆ ಚಮನಬೀ ರೊಟ್ಟಿ ಬಡಿಯುತ್ತಿದ್ದಳು. ಮನೆಯಲ್ಲಿ ಅವರಾಡುವುದು ದಖನಿ ಉರ್ದು. ಇಲ್ಲಿ ಅದನ್ನು ಕನ್ನಡಕ್ಕೆ ತಂದಿದೆ, ಸಿಟ್ಟು ಮಾತ್ರ ಅಲ್ಲಿದ್ದಷ್ಟೇ ಇದೆ. ಎಲ್ಲರೂ ಡಿಸ್‌ಪ್ಲೇ ಎನ್ನುವುದಕ್ಕೆ ಸುಲ್ತಾನಸಾಬ ‘ಪರದಾ’ ಎನ್ನುತ್ತಿದ್ದ. ಹೆಂಗಸರು ಮುಖಕ್ಕೆ ಹಾಕಿಕೊಳ್ಳುವುದಕ್ಕೂ ಅದೇ ಶಬ್ದ ಎಂಬುದು ಆ ಹೊತ್ತಿಗೆ ಅವನಿಗೆ ಹೊಳೆಯಲಿಲ್ಲ.

“ಪರದಾ ತಗದು ನೋಡಿದೆ,” ಎಂದಿತು ಅಂಗಳದ ದನಿ.

ರೊಟ್ಟಿ ಬಡಿಯುವ ಸದ್ದು ನಿಂತಿತು.

“ಹಳೇದು ಪೂರಾ ಹೋಗ್ಯದ. ಮಬ್ಬಾಗ್ಯದ, ಗೆರಿ ಬಿದ್ದಾವ. ಇಪ್ಪತ್ತಾರು ವರ್ಷ ಅಂದ್ರ ಏನ್ ಕಮ್ಮಿ ಆತೇನು? ಬದಲಿ ಮಾಡೋದ ಛಲೋ… ಹೊಸದು ಗುಲಾಬಿ ಬಣ್ಣ ಅದೇನು? ನಡೀತದ, ನಡೀತದ… ಅದೆಲ್ಲಾ ಕೇಳಬ್ಯಾಡ. ಹೆಣ್ಣುಮಗಳ ಮರ್ಯಾದಿ ಪ್ರಶ್ನೆ ಅದ. ಕಸಮ್ ಹಾಕೀನಿ. ನಿಮ್ಮ ಖಾಲಾಗಂತೂ ಗೊತ್ತಾಗಲೇಬಾರದು.”

ಚಮನಬೀ ಲಗ್ನವಾಗಿ ಆ ಬಕ್ರೀದಿಗೆ ಸರಿಯಾಗಿ ಇಪ್ಪತ್ತಾರು ವರ್ಷ ತುಂಬಿತ್ತು. ಅವಳು ಹಿಟ್ಟಿನ ಕೈಯಲ್ಲೇ ಹೋಗಿ ಗೋಡೆಯ ಕನ್ನಡಿಯ ಮುಂದೆ ನಿಂತಳು. ಗೆರೆ ಇದ್ದವು. ಎಣಿಸಿದಳು. ಹೆಂಚಿನ ಮೇಲಿನ ರೊಟ್ಟಿ ಸೀದು ಕರಿಯಾಯಿತು.

ಮಧ್ಯಾಹ್ನವೇ ಆಸೀಫನಿಗೆ ಫೋನು ಹೋಯಿತು. “ಖಾಲಾ, ನನ್ನ ಏನೂ ಕೇಳಬ್ಯಾಡ,” ಎಂದ ಆಸೀಫ್. “ಖಾಲೂ ನನ್ನ ಕೈಲೂ ಕಸಮ್ ಹಾಕಿಸ್ಯಾರ. ಆದ್ರ ಖಾಲೂ ಭಾಳ ಖುಷಿಯಾಗ ಅದಾರ.” ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕೊನೆಯ ಮಾತನ್ನು ಸಮಾಧಾನಕ್ಕೆಂದು ಸೇರಿಸಿದ್ದ.

ಆ ದಿನದಿಂದ ಸುಲ್ತಾನಸಾಬನ ಮನೆಯಲ್ಲಿ ಮಾತು ನಿಂತಿತು. ಊಟ ಬರುತ್ತಿತ್ತು, ತಟ್ಟೆ ನೆಲಕ್ಕೆ ಬಡಿಯುವ ಸದ್ದೂ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಸುಲ್ತಾನಸಾಬನಿಗೆ ಇದು ತಿಳಿಯಲು ಮೂರು ದಿನ ಹಿಡಿಯಿತು. ತಿಳಿದ ಮೇಲೂ ಹೆಂಡತಿಗೆ ಗಂಟಲು ಕೆಟ್ಟಿರಬೇಕೆಂದು ಭಾವಿಸಿ ಜ್ಯೇಷ್ಠಮಧು ತಂದುಕೊಟ್ಟ.

ಪರದೆ ಬಂತು. ಜೊತೆಗೆ, ಹಳೆಯ ಮೈಗೆ ಅದು ಹಿಡಿಸುವುದಿಲ್ಲವೆಂದು, ಒಳಗಿನದೆಲ್ಲ ಕಾಣುವಂಥ ಗುಲಾಬಿ ಬಣ್ಣದ ಹೊಸ ಮೈಯೂ ಬಂತು. ಸುಲ್ತಾನಸಾಬ ಯಾದಗಿರಿಗೆ ಬಸ್ಸು ಹತ್ತಿದ. ಬಿಲ್ಲೆಯ ಕೆಲಸ ಬಾಕಿ ಇತ್ತು. ಅದರೊಳಗೆ ಗಡಿಯಾರದ ಸೆಲ್ಲಿನಂಥದೇ ಒಂದು ಸೆಲ್ಲು. ಆಟದ ಅಂಕಿಗಳೆಲ್ಲ ಅದರ ಉಸಿರಿನ ಮೇಲೆ ಬದುಕಿದ್ದವು. ಸೆಲ್ಲು ಸಾಯುವುದಕ್ಕೆ ಬಂದಿತ್ತು. ಅದನ್ನು ತೆಗೆದರೆ ಅಂಕಿಯೂ ಹೋಗುತ್ತದೆ. ಆಸೀಫ್ ಬಿಲ್ಲೆಯನ್ನು ಕಂಪ್ಯೂಟರಿಗೆ ಹಚ್ಚಿ ಒಳಗಿನದನ್ನೆಲ್ಲ ನಕಲು ಮಾಡಿಕೊಂಡ. ಸುಲ್ತಾನಸಾಬ ಹೊಸ ಸೆಲ್ಲು ಬೆಸೆದ. ನಕಲನ್ನು ವಾಪಸು ತುಂಬುವ ಮುಂಚೆ ಇಬ್ಬರೂ ಪಟ್ಟಿಯನ್ನು ನೋಡಿದರು.

ಐದು ಸಾಲು. ಹೆಸರಿಗೆ ಮೂರೇ ಅಕ್ಷರದ ಜಾಗ. ಎರಡರಿಂದ ಐದರವರೆಗೆ ಇಂಗ್ಲಿಷಿನಲ್ಲಿ ಎಂ.ಎನ್.ಎಂ., ಅಂದರೆ ಮೌನಮ್ಮ. ಎಲ್ಲಕ್ಕಿಂತ ಮೇಲೆ ಎಂ.ಆರ್.ಎಲ್. ಎಂಬ ಬೇರೆ ಯಾರೋ.

ಸುಲ್ತಾನಸಾಬನಿಗೆ ಇದು ಸರಿಬರಲಿಲ್ಲ. ಇಡೀ ಊರಿಗೆ ಲೆಕ್ಕ ಕಲಿಸಿದ ಟೀಚರ್ ಎರಡನೆಯವರೇ? ಯಾರೋ ದಾರಿಹೋಕ ಅವರ ತಲೆಯ ಮೇಲೆ ಕೂತಿರುವುದು ಹಿರಿಯರಿಗೆ ಶೋಭೆಯೇ?

“ಆಸೀಫ್, ಮ್ಯಾಲಿನ ಹೆಸರು ಕೆಳಗ, ಕೆಳಗಿಂದು ಮ್ಯಾಲ ಮಾಡಾಕ ಬರ್ತದೇನು?”

“ಎರಡು ನಿಮಿಷದ ಕೆಲಸ ಖಾಲೂ.”

“ಮಾಡು. ಹೇಳಾದು ಬ್ಯಾಡ. ಒಮ್ಮಿಂದೊಮ್ಮೆಲೆ ನೋಡಿ ಖುಷಿಯಾಗಲಿ.”

ತಾನು ಈ ಬಾಳಿನಲ್ಲಿ ಮಾಡಿದ ಪುಣ್ಯದ ಕೆಲಸಗಳಲ್ಲಿ ಇದೂ ಒಂದು ಎಂದುಕೊಂಡು ಅವನು ಊರಿಗೆ ಮರಳಿದ. ಬರುವ ಶುಕ್ರವಾರ ಟೀಚರ್ ಒಯ್ಯುವವರಿದ್ದರು. ಅಂಗಡಿಯ ಕಪಾಟಿಗೆ ಬೀಗವಿಲ್ಲವಾದ್ದರಿಂದ ಡಬ್ಬಿಯನ್ನು ಮನೆಯ ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟ.

ಆ ಶುಕ್ರವಾರ ಅವನು ಅಂಗಡಿ ತೆರೆಯಲೇ ಇಲ್ಲ. ಬೆಳಿಗ್ಗೆ ಹತ್ತರ ಹೊತ್ತಿಗೆ ಶಹಾಪುರದಿಂದ ಚಮನಬೀಯ ಅಣ್ಣ ನಸೀರುದ್ದೀನ ಬಂದಿಳಿದ. ನಸೀರುದ್ದೀನ ಕೋರ್ಟಿನ ನಿವೃತ್ತ ಅಮೀನ. ಮೂವತ್ತು ವರ್ಷ ಊರೂರು ತಿರುಗಿ ನೋಟಿಸು ಅಂಟಿಸಿ, ಜಪ್ತಿ ಮಾಡಿ, ಮನುಷ್ಯರ ಮೇಲೆ ನಂಬಿಕೆ ಕಳೆದುಕೊಂಡಿದ್ದ. ಅವನು ಕುರ್ಚಿಯನ್ನು ನಡುಮನೆಯ ಮಧ್ಯಕ್ಕೆ ಎಳೆದು ಕೂತ. ಸುಲ್ತಾನಸಾಬನಿಗೆ ಚಾಪೆ ತೋರಿಸಿದ.

“ಸುಲ್ತಾನ್, ಸವಾಲು ಕೇಳ್ತೀನಿ. ಹೌದು, ಇಲ್ಲ, ಎರಡೇ ಜವಾಬು. ಹೆಣ್ಣುಮಗಳೊಬ್ಬಾಕಿ ಇದಾಳೋ ಇಲ್ಲೋ?”

ಸುಲ್ತಾನಸಾಬ ಬೆಪ್ಪಾದ. ಟೀಚರ್ ವಿಷಯ ಇವರಿಗೆ ಹೇಗೆ ತಿಳಿಯಿತು?

“ಇದಾರ… ಆದ್ರ ಭಾಯಿಜಾನ್, ಅವರ ಹೆಸರು ಹೇಳಂಗಿಲ್ಲ.”

ಬಾಗಿಲ ಮರೆಯಲ್ಲಿ ಚಮನಬೀ ಸೆರಗು ಬಾಯಿಗೆ ಒತ್ತಿಕೊಂಡಳು.

“ಆಕೀ ಪರದಾ ತಗದಿ, ಹೌದೋ ಇಲ್ಲೋ?”

“ಹೌದು. ಭಾಳ ತ್ರಾಸಾತು ತಗ್ಯಾಕ. ಎರಡು ದಿನ ಹಿಡೀತು.”

“ಯಾ ಅಲ್ಲಾ!” ಎಂದ ನಸೀರುದ್ದೀನ. “ಎಷ್ಟು ವರ್ಷದಿಂದ ನಡದದ ಇದು?”

“ಇಪ್ಪತ್ತಾರು ವರ್ಷದಿಂದ ನಡದದಂತ, ಅವರ ಹೇಳ್ಯಾರ.”

ಅಮೀನನ ಅನುಭವದಲ್ಲಿ ಇಷ್ಟು ಸರಾಗವಾಗಿ ಒಪ್ಪಿಕೊಂಡ ಆರೋಪಿ ಇರಲಿಲ್ಲ. ಅವನು ಕನ್ನಡಕ ತೆಗೆದು ಒರೆಸಿಕೊಂಡ. ಚಮನಬೀ ಅಳುವುದನ್ನು ಬಿಟ್ಟು ಒಳಗೆ ಹೋದಳು. ಆಕಾಶ ಬಿದ್ದರೂ ಬಂದ ಅಣ್ಣನಿಗೆ ಅನ್ನವಾಗಲೇಬೇಕು. ಮರುಕ್ಷಣ ಅಡುಗೆಮನೆಯಲ್ಲಿ ಸೇರು ಬಿದ್ದ ಸದ್ದಾಯಿತು. ಹೊರಬಂದ ಚಮನಬೀ ಅಕ್ಕಿಕಾಳು ಉದುರುತ್ತಿದ್ದ ಗುಲಾಬಿ ಡಬ್ಬಿಯನ್ನು ಅಣ್ಣನ ತೊಡೆಯ ಮೇಲಿಟ್ಟಳು.

“ನೋಡು ಅಣ್ಣಾ. ಲಗ್ನ ಆದಾಗಿಂದ ನನಗ ಒಂದು ಪೌಡರ್ ಡಬ್ಬಿ ತಂದವರಲ್ಲ. ಆಕೀಗಿ ಗುಲಾಬಿ ಡಬ್ಬಿ!”

ನಸೀರುದ್ದೀನ ಅದನ್ನು ಸಾಕ್ಷಿಯ ವಸ್ತುವಿನಂತೆ ಎರಡು ಬೆರಳಲ್ಲಿ ಹಿಡಿದು ಮಗುಚಿ ನೋಡಿದ. ಬೆರಳು ಎಲ್ಲೋ ತಾಗಿತು. ಡಬ್ಬಿ ಝಗ್ಗನೆ ಹೊತ್ತಿಕೊಂಡು ಟಿಣಿಟಿಣಿ ಹಾಡತೊಡಗಿತು. ಅಮೀನ ಕುರ್ಚಿ ಸಮೇತ ಒಂದು ಗೇಣು ಹಿಂದೆ ಸರಿದ. ಸುಲ್ತಾನಸಾಬನ ಎದೆ ಮಾತ್ರ ಉಬ್ಬಿತು. ಬೆಳಕು ಮೂಲೆಯಿಂದ ಮೂಲೆಗೆ ಒಂದೇ ಸಮ ಬಿದ್ದಿತ್ತು.

“ಇದರ ಮಾಲಕಿ ಯಾರು? ಹೆಸರು ಹೇಳು. ಇಲ್ಲಾಂದ್ರ ಚಮನ್ ಇವತ್ತೇ ನನ್ನ ಜೋಡಿ ಶಹಾಪುರಕ್ಕ ಬರ್ತಾಳ.”

ಆಗ ಸುಲ್ತಾನಸಾಬನಿಗೆ ಅರ್ಥವಾಯಿತು. ನಿಧಾನವಾಗಿ, ಒಂದೊಂದೇ ಹಲ್ಲು ಕೂಡಿಕೊಳ್ಳುವ ಗಡಿಯಾರದ ಚಕ್ರಗಳಂತೆ, ಹದಿನೈದು ದಿನದ ಮೌನ, ಸೀದ ರೊಟ್ಟಿ, ಪರದಾ, ಎಲ್ಲ ಒಂದಕ್ಕೊಂದು ಹತ್ತಿದವು. ಬಾಯಿ ತೆರೆದ. ಒಂದು ಹೆಸರು ಹೇಳಿದರೆ ಮುಗಿಯುತ್ತಿತ್ತು. ಹೆಂಡತಿಯ ಮುಖ ನೋಡಿದ. ಬಾಗಿಲ ಬಳಿ ಅವಳ ಬಟ್ಟೆಯ ಗಂಟು ಆಗಲೇ ಕಟ್ಟಿಟ್ಟಿತ್ತು.

“ಚಮನ್, ನಾನು ತಪ್ಪು ಮಾಡಿಲ್ಲ,” ಎಂದ. “ಆದ್ರ ಜೀವ ಹೋದ್ರೂ ಹೇಳಂಗಿಲ್ಲ ಅಂತ ಮಾತು ಕೊಟ್ಟೀನಿ. ಇದು ಆಟದ ಡಬ್ಬಿ. ಇಷ್ಟರ ಮ್ಯಾಲ ನಿನಗ ಹೋಗೋದ ಇದ್ರ, ಹೋಗು ಅನ್ನಂಗಿಲ್ಲ. ಇರು ಅಂತ ಹ್ಯಾಂಗ ಹೇಳ್ಬೇಕೋ ಅದೂ ನನಗ ಬರವಲ್ದು.”

ಚಮನಬೀ ಗಂಟನ್ನು ಮುಟ್ಟಲಿಲ್ಲ, ಆದರೆ ಕೂರಲೂ ಇಲ್ಲ.

ಇತ್ತ ಮೌನಮ್ಮ ಟೀಚರ್ ಹೇಳಿದ ದಿನಕ್ಕೆ ಸರಿಯಾಗಿ ಅಂಗಡಿಗೆ ಬಂದಿದ್ದರು. ಬಾಗಿಲು ಮುಚ್ಚಿತ್ತು. ಪಕ್ಕದಲ್ಲಿ ಬಳೆ ಮಾರುವ ಗೊಲ್ಲಾಳಮ್ಮ ಅವರ ಕಿವಿಗೆ ಬಾಯಿಟ್ಟು ಎಲ್ಲವನ್ನೂ ಅರುಹಿದಳು: “ಯಾವಾಕಿನೋ ಹಿಡದಾನಂತ್ರಿ ಟೀಚರ್ರೀ. ಇಪ್ಪತ್ತಾರು ವರ್ಷದ ಸಂಬಂಧ ಅಂತ. ಗುಲಾಬಿ ಹಂಗ ಅದಾಳಂತ. ಈಗ ಮನ್ಯಾಗ ಪಂಚಾಯ್ತಿ ನಡದದ್ರಿ.” ಟೀಚರ್ ಕೊಡೆ ಮಡಚಿ ನೇರ ಸುಲ್ತಾನಸಾಬನ ಮನೆಗೆ ನಡೆದರು.

ಅವರು ಹೊಸ್ತಿಲಲ್ಲಿ ನಿಂತದ್ದೇ ನಸೀರುದ್ದೀನ ಕುರ್ಚಿಯಿಂದ ಎದ್ದ. ಏಕೆ ಎದ್ದನೋ ಅವನಿಗೇ ತಿಳಿಯಲಿಲ್ಲ.

“ಆ ಹೆಣ್ಣುಮಗಳು ನಾನ,” ಎಂದರು ಟೀಚರ್.

ಅರವತ್ತಾರು ವರ್ಷದ, ದಪ್ಪ ಕನ್ನಡಕದ, ಕೈಮಗ್ಗದ ಸೀರೆಯ ಮುಖ್ಯೋಪಾಧ್ಯಾಯಿನಿಯನ್ನು ಚಮನಬೀ ಕಾಲಿನಿಂದ ತಲೆಯವರೆಗೆ ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ಗಂಟನ್ನು ಕಾಲಿನಿಂದ ಮೆಲ್ಲಗೆ ಮಂಚದ ಕೆಳಗೆ ತಳ್ಳಿದಳು.

“ಆ ಡಬ್ಬಿ ನಂದು. ಅಲ್ಲ, ನಂದೂ ಅಲ್ಲ,” ಎಂದರು ಟೀಚರ್. ಅವರ ದನಿಯಲ್ಲಿ ಶಾಲೆಯ ಗಡಸು ಇರಲಿಲ್ಲ. “ಬೋನಾಳದ ಮರಿಲಿಂಗ ಅಂತ ಹುಡುಗ, ಏಳನೇ ಕ್ಲಾಸು. ಪಾಠದ ಹೊತ್ತಿನ್ಯಾಗ ಬೆಂಚಿನ ಕೆಳಗ ಇಟ್ಟುಕೊಂಡು ಆಡಾಕತ್ತಿದ್ದ. ಕಸಗೊಂಡೆ. ವರ್ಷದ ಕೊನಿಗೆ ಕೊಡೋಣ ಅಂತ ಇಟ್ಟಿದ್ದೆ. ಒಂದಿನ ಸುಮ್ಮಕ ಹಚ್ಚಿ ನೋಡಿದೆ. ಪಟ್ಟ್ಯಾಗ ಅವನ ಹೆಸರು ಮ್ಯಾಲಿತ್ತು. ಲೆಕ್ಕದಾಗ ಮೂವತ್ತೈದು ತಗೊಳ್ಳೋ ಹುಡುಗ! ಅವನ ಅಂಕಿ ದಾಟಿ ಮರುದಿನ ಕೊಡ್ತೀನಿ ಅಂದುಕೊಂಡೆ. ದಾಟಲಿಲ್ಲ. ಅಷ್ಟ್ರಾಗ ಹುಡುಗ ಸಾಲಿನೇ ಬಿಟ್ಟ. ನನ್ನ ಸಲುವಾಗೇ ಬಿಟ್ನೋ ಏನೋ ಅಂತ ಅವನ ಊರಿಗೆ ಹೋಗೋ ಧೈರ್ಯ ಆಗಲಿಲ್ಲ.”

ನಸೀರುದ್ದೀನ ಗಂಟಲು ಸರಿಮಾಡಿಕೊಂಡ. “ಜಪ್ತಿ ಮಾಡಿದ ಮಾಲು ಮುದ್ದತ್ತಿನೊಳಗ ವಾಪಸ್ ಕೊಡಬೇಕಾಗ್ತದ್ರಿ ಮೇಡಂ. ಕಾಯ್ದಾ ಅದ,” ಎಂದ, ಸಂಕೋಚದಿಂದಲೇ.

“ಗೊತ್ತದ,” ಎಂದರು ಟೀಚರ್. “ಕಣ್ಣು ಪೂರಾ ಹೋಗೋದರೊಳಗ ಒಮ್ಮಿ ದಾಟಿ, ತಗೊಂಡು ಹೋಗಿ ಕೊಟ್ಟು ಬರೋಣ ಅಂತಿದ್ದೆ.”

ಚಮನಬೀ ಅವರನ್ನು ಕೂರಿಸಿ ಚಹಾ ಕೊಟ್ಟಳು. ಸಕ್ಕರೆ ಎರಡು ಚಮಚ ಹೆಚ್ಚೇ ಬಿದ್ದಿತ್ತು. ಸುಲ್ತಾನಸಾಬ ಅಕ್ಕಿಯ ದೂಳು ಒರೆಸಿ ಡಬ್ಬಿಯನ್ನು ಟೀಚರ್ ಕೈಗಿತ್ತು, “ಪಟ್ಟಿ ತಗದು ನೋಡ್ರಿ ಟೀಚರ್” ಎಂದು ಮುಗುಳುನಕ್ಕ. ಅವನಿಗೆ ಅಲ್ಲಿಗೇ ನಿಲ್ಲಲು ಬರುತ್ತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಟೀಚರ್ ಪರದೆಯನ್ನು ಕಣ್ಣಿನ ಹತ್ತಿರ ತಂದರು. ಮುಖ ಅರಳಿತು: ಎಷ್ಟು ಸ್ಪಷ್ಟ! ಗುಂಡಿ ಒತ್ತಿ ಪಟ್ಟಿ ತೆರೆದರು. ಎಂ.ಎನ್.ಎಂ. ಎಲ್ಲಕ್ಕಿಂತ ಮೇಲೆ ಇತ್ತು.

“ಇದನ್ನ ಯಾರು ತಿದ್ದಿದ್ದು?”

ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ಲೊಂದು ನಿಂತಿತು. ಆ ದನಿಗೆ ಮೂವತ್ತೈದು ವರ್ಷದ ರಿಯಾಜಿತ್ತು.

“ನಾನೇ ರಿ… ನೀವು ಎರಡನೇ ನಂಬರ್‌ಗೆ ಇರೋದು ಛಂದ ಕಾಣ್ಲಿಲ್ಲ…”

“ಜೀವಮಾನ ಎಲ್ಲಾ ಕಾಪಿ ಹಿಡದಾಕಿಗಿ ಮುಪ್ಪಿನ್ಯಾಗ ಕಾಪಿ ಹೊಡಸ್ತೀಯೇನೋ ಸುಲ್ತಾನಸಾಬ? ಹುಡುಗನ ಆಟ ಕಸಗೊಂಡಿದ್ದು ಸಾಲದಂತ ಅವನ ನಂಬರೂ ಕಸಗೊಳ್ಳಲೇನು ನಾನು?”

ಸುಲ್ತಾನಸಾಬ ತಲೆ ತಗ್ಗಿಸಿ ನಿಂತ. ನಸೀರುದ್ದೀನನೂ ಯಾಕೋ ತಲೆ ತಗ್ಗಿಸಿದ. ಚಮನಬೀಯೊಬ್ಬಳೇ, ಸೆರಗಿನ ಮರೆಯಲ್ಲಿ, ಹದಿನೈದು ದಿನದ ಮೇಲೆ ಮೊದಲ ಸಲ ನಕ್ಕಳು.

ಆಸೀಫ್ ಮೊದಲಿನ ನಕಲನ್ನು ಪುಣ್ಯಕ್ಕೆ ಅಳಿಸಿರಲಿಲ್ಲ. ಮರುದಿನವೇ ಬಿಲ್ಲೆ ಯಾದಗಿರಿಗೆ ಹೋಗಿ ಇದ್ದದ್ದು ಇದ್ದಂತೆ ಆಗಿ ಬಂತು. ರವಿವಾರ ಟೀಚರ್, ಸುಲ್ತಾನಸಾಬ, ಚಮನಬೀ ಮೂವರೂ ಬೋನಾಳದ ಬಸ್ಸು ಹತ್ತಿದರು. ಟೀಚರ್ ಒಬ್ಬರೇ ಹೋಗಲು ಹಿಂಜರಿದಿದ್ದರು. ಚಮನಬೀಯನ್ನು ಯಾರೂ ಕರೆದಿರಲಿಲ್ಲ, “ನೀವಿಬ್ಬರೇ ಹೋದ್ರ ಗೊಲ್ಲಾಳಮ್ಮ ಏನಂತಾಳ?” ಎಂದು ತಾನೇ ಚಪ್ಪಲಿ ಮೆಟ್ಟಿದ್ದಳು.

ಮರಿಲಿಂಗ ಕೆರೆಯ ಕೆಳಗಿನ ಗದ್ದೆಯಲ್ಲಿದ್ದ. ನಲವತ್ತರ ಹತ್ತಿರದ ಆಳು, ಮೀಸೆಯಲ್ಲಿ ಒಂದೆರಡು ಬಿಳಿ. ಬದುವಿನ ಮೇಲೆ ಬರುತ್ತಿದ್ದ ಟೀಚರನ್ನು ಕಂಡದ್ದೇ ಸಲಿಕೆ ಕೆಳಗಿಟ್ಟು, ತಲೆಯ ಟವೆಲ್ಲು ತೆಗೆದು ನೆಟ್ಟಗೆ ನಿಂತ. ಟೀಚರ್ ಪೀಠಿಕೆ ಹಾಕಲಿಲ್ಲ.

“ಮರಿಲಿಂಗ, ಇದು ನಿಂದು. ಕೊಡೋದು ತಡ ಆತು. ನೀ ಸಾಲಿ ಬಿಟ್ಟಿದ್ದು ಇದರ ಸಲುವಾಗೇನು?”

ಮರಿಲಿಂಗ ಡಬ್ಬಿ ನೋಡಿದ. ಮೊದಲು ಗುರುತು ಹತ್ತಲಿಲ್ಲ. ಬಿಲ್ಲೆಯ ಮೇಲಿನ ಸವೆದ ಚಿತ್ರ ನೋಡಿದ ಮೇಲೆ ಅವನ ಮುಖವೇ ಬೇರೆಯಾಯಿತು.

“ಮುಂಬೈ ಮಾವ ಕೊಟ್ಟಿದ್ದು ಇದು! ಇನ್ನಾ ಅದೇನ್ರಿ?” ಎಂದ. ಆಮೇಲೆ ಪ್ರಶ್ನೆಯ ನೆನಪಾಗಿ ತಲೆಯಾಡಿಸಿದ. “ಇಲ್ರಿ ಟೀಚರ್ರೀ. ಆ ವರ್ಷ ಅಪ್ಪ ತೀರಿಕೊಂಡ. ಹೊಲ ನೋಡೋರು ಇರಲಿಲ್ಲ. ನೀವು ಇದನ್ನ ಕಸಗೊಂಡಿದ್ದೂ ಆವತ್ತ ಮರತೆ.”

ಟೀಚರ್ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡರು. ಇಪ್ಪತ್ತಾರು ವರ್ಷ ಹೊತ್ತ ಭಾರ ಕೆಳಗಿಟ್ಟಾಗ ಬೆನ್ನಿಗೆ ಒಮ್ಮೆಲೇ ನೆಟ್ಟಗಾಗಲು ಬರುವುದಿಲ್ಲ. ಚಮನಬೀ ಅವರ ಕೈ ಹಿಡಿದು ಬೇವಿನ ಮರದ ಬುಡದಲ್ಲಿ ಕೂರಿಸಿದಳು.

“ಅಪ್ಪ ಹೋಗಿದ್ದು ನನಗ ಗೊತ್ತಾಗಲಿಲ್ಲಪ್ಪ,” ಎಂದರು ಕೊನೆಗೆ. “ಗೈರುಹಾಜರಿ ಅಂತ ಕೆಂಪು ಮಸಿಲೆ ಬರಕೊಂಡು ಹೋದೆ, ಅಷ್ಟ.”

“ಇರ್ಲಿ ಬಿಡ್ರಿ. ಒಂದು ಆಟ ಆಡಿ ತೋರಸ್ರಲಾ. ನನಗಂತೂ ಮರತು ಹೋಗ್ಯದ.”

ಟೀಚರ್ ಆಡಿದರು. ಇಟ್ಟಂಗಿಗಳು ಬೀಳತೊಡಗಿದವು; ಒಂದು ಸಾಲು ಪೂರ್ತಿ ತುಂಬಿದರೆ ಅದು ಮಾಯವಾಗಿ ಅಂಕಿ ಕೂಡುತ್ತಿತ್ತು. ಅವರು ಆಡುವ ರೀತಿಯಲ್ಲಿ ಒಂದು ಶಿಸ್ತಿತ್ತು. ಎಲ್ಲಿಯೂ ತೂತಿಲ್ಲದಂತೆ, ಹಾಜರಿ ಪುಸ್ತಕದ ಹಾಗೆ ಸಾಲು ಸಾಲಾಗಿ ತುಂಬುತ್ತ ಹೋಗುತ್ತಿದ್ದರು. ಮರಿಲಿಂಗ ಕೆಸರುಗಾಲಿನಲ್ಲಿ ಪಕ್ಕಕ್ಕೆ ಕೂತು ಇಣುಕಿದ. ಸ್ವಲ್ಪ ಹೊತ್ತಿಗೆ ಅವನ ಬೆರಳು ತಾವಾಗಿಯೇ ಮೊಣಕಾಲ ಮೇಲೆ ಆಡತೊಡಗಿದವು.

“ಹಂಗಲ್ರಿ ಟೀಚರ್ರೀ, ತಪ್ಪು,” ಎಂದುಬಿಟ್ಟ.

ಮೌನಮ್ಮ ಟೀಚರಿಗೆ ತಪ್ಪು ಎಂದವರು ಆ ತಾಲ್ಲೂಕಿನಲ್ಲಿ ಯಾರೂ ಇರಲಿಲ್ಲ.

“ಏನು ತಪ್ಪು?” ಎಂದರು ಟೀಚರ್.

“ಎಲ್ಲಾ ತುಂಬಬಾರದ್ರಿ. ಬಲಕಿನ ಅಂಚಿಗೆ ಮ್ಯಾಲಿಂದ ಕೆಳತನಕ ಒಂದು ಸಂದು ಖಾಲಿ ಬಿಡಬೇಕು. ಬಿಟ್ಟು, ಉದ್ದನ ಕಡ್ಡಿ ಬರೋ ತನಕ ಕಾಯಬೇಕು. ಅದು ಬಂತಂದ್ರ ನಾಕು ಸಾಲು ಒಮ್ಮಿಗೇ ಹೋಗ್ತಾವ. ಅಂಕಿ ಎಲ್ಲಾ ಅದರಾಗೇ ಇರೋದು.”

ಟೀಚರ್ ಆಟ ನಿಲ್ಲಿಸಿ ಅವನನ್ನು ನೋಡಿದರು. “ಆವತ್ತ ಕಸಗೊಳ್ಳೋ ಮೊದಲ ಒಂದು ಮಾತು ಕೇಳಬೇಕಿತ್ತು ನಿನಗ,” ಎಂದರು. ಆಮೇಲೆ ಡಬ್ಬಿಯನ್ನು ಇಬ್ಬರ ನಡುವೆ ಹಿಡಿದು, “ಹೇಳಿಕೊಡು” ಎಂದರು.

ಅವನು ಹೇಳಿಕೊಟ್ಟ. ಅವರು ಅಂಚು ಖಾಲಿ ಬಿಟ್ಟರು. ಎರಡು ಸಲ ಸೋತರು. ಮೂರನೇ ಸಲಕ್ಕೆ ಗೋಡೆ ಎದೆಮಟ್ಟ ಏರಿತು, ಅಂಚಿನ ಸಂದು ಬಾವಿಯಂತೆ ಬಾಯಿ ತೆರೆದು ನಿಂತಿತು. ಸುಲ್ತಾನಸಾಬನೂ ಚಮನಬೀಯೂ ತಮಗರಿಯದೆ ಒಬ್ಬರ ಭುಜಕ್ಕೊಬ್ಬರು ಆತು ಬಗ್ಗಿ ನೋಡುತ್ತಿದ್ದರು. ಕೆರೆಯ ಕಡೆಯಿಂದ ಹಕ್ಕಿಗಳ ದೊಡ್ಡದೊಂದು ಹಿಂಡು ಎದ್ದು ತಲೆಯ ಮೇಲೆ ಹಾದುಹೋಯಿತು. ಯಾರೂ ಕತ್ತೆತ್ತಲಿಲ್ಲ.

ದೂರದಲ್ಲಿ ಸುರಪುರದ ಬಸ್ಸು ಹಾರ್ನು ಹೊಡೆಯಿತು.

“ಟೀಚರ್ರೀ, ಬಸ್ಸು ಬಂತು,” ಎಂದಳು ಚಮನಬೀ. “ಸಂಜಿ ತನಕ ಮತ್ತೊಂದಿಲ್ಲ.”

“ಹೋಗ್ಲಿ ಬಿಡು,” ಎಂದರು ಟೀಚರ್, ಪರದೆಯಿಂದ ಕಣ್ಣು ತೆಗೆಯದೆ. “ಕಡ್ಡಿ ಬರಾಕತ್ತದ.”